ಎಣ್ಣೆ ಬದಲಿಸುವ ಹೊತ್ತು

ಕಳೆದ ಮೀನುಗಾರಿಕಾ ಹಂಗಾಮಿನ ನಡುವೆ ಮಲ್ಪೆ ಬಂದರಿನಲ್ಲಿ ಪರಿಚಯದವರೊಬ್ಬರ ಟ್ರಾಲ್ ಬೋಟಿನ ಎಂಜಿನ್ ಕೋಣೆಗೆ ಇಳಿದಿದ್ದೆ. ಏಳು ದಿನ ಕಡಲಿನಲ್ಲಿದ್ದು ಆಗಷ್ಟೇ ಮರಳಿದ್ದ ಬೋಟು ಅದು. ಎಂಜಿನ್ ನಿಲ್ಲಿಸಿ ಅರ್ಧ ಗಂಟೆಯಾಗಿದ್ದರೂ ಒಳಗಿನ ಸೆಕೆ ಇಳಿದಿರಲಿಲ್ಲ. ಮೆಕ್ಯಾನಿಕ್ ಎಂಜಿನ್ ಎಣ್ಣೆಯ ಮಟ್ಟ ನೋಡುವ ಕಡ್ಡಿಯಾದ ಡಿಪ್‌ಸ್ಟಿಕ್ ಎಳೆದು, ಅದರ ತುದಿಯ ಎಣ್ಣೆಯನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಉಜ್ಜಿ, "ಪೂರ್ತಿ ಕಪ್ಪಾಗಿದೆ ಮಾರಾಯ್ರೆ, ಇದರಲ್ಲಿ ಜೀವ ಇಲ್ಲ" ಎಂದರು. "ಹಾಕಿ ಇನ್ನೂ ನೂರೈವತ್ತು ಗಂಟೆ ಆಗ್ಲಿಲ್ಲ ಅಣ್ಣ, ಇನ್ನೂರೈವತ್ತರವರೆಗೆ ಓಡ್ತದೆ" ಎಂದು ಮಾಲೀಕರು ಮೇಲಿನಿಂದಲೇ ಉತ್ತರಿಸಿದರು. ಒಬ್ಬರು ಬಣ್ಣವನ್ನು ನಂಬಿದ್ದರು, ಇನ್ನೊಬ್ಬರು ಗಂಟೆಯ ಲೆಕ್ಕವನ್ನು ನಂಬಿದ್ದರು. ಎಣ್ಣೆಯ ಒಳಗೆ ನಿಜವಾಗಿ ಏನಾಗಿದೆ ಎಂಬುದನ್ನು ಇವೆರಡೂ ಹೇಳುವುದಿಲ್ಲ. ಆ ದಿನ ಒಂದು ಚಿಕ್ಕ ಬಾಟಲಿಯಲ್ಲಿ ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳುಹಿಸಲು ಅವರಿಬ್ಬರನ್ನೂ ಒಪ್ಪಿಸಿದೆ.

ಮೆಕ್ಯಾನಿಕ್ ಹೇಳಿದ "ಜೀವ" ಎಂಬ ಮಾತು ಅರ್ಥವಿಲ್ಲದ್ದಲ್ಲ, ಆದರೆ ಆ ಜೀವ ಬಣ್ಣದಲ್ಲಿ ಇರುವುದಿಲ್ಲ. ಡೀಸೆಲ್ ಉರಿಯುವಾಗ ಹುಟ್ಟುವ ಮಸಿಯ ಒಂದು ಅಂಶ ಪಿಸ್ಟನ್ ರಿಂಗುಗಳನ್ನು ದಾಟಿ ಎಣ್ಣೆಗೆ ಸೇರುತ್ತದೆ. ಆದ್ದರಿಂದ ಹೊಸ ಎಣ್ಣೆ ಹಾಕಿ ಕೆಲವೇ ಗಂಟೆ ಓಡಿಸಿದರೂ ಅದು ಕಪ್ಪಾಗುತ್ತದೆ. ಎಣ್ಣೆಯಲ್ಲಿ ಬೆರೆಸಿರುವ ಡಿಸ್ಪರ್ಸೆಂಟ್ ಎಂಬ ರಾಸಾಯನಿಕವು ಮಸಿಯ ಪ್ರತಿಯೊಂದು ಕಣವನ್ನೂ ಸುತ್ತುವರಿದು, ಕಣಗಳು ಒಂದಕ್ಕೊಂದು ಅಂಟಿ ಗಡ್ಡೆಯಾಗದಂತೆ ತೇಲಿಸಿಡುತ್ತದೆ. ಎಣ್ಣೆ ಕಪ್ಪಾಗಿ ಕಾಣುವುದು ಈ ಕೆಲಸ ನಡೆಯುತ್ತಿದೆ ಎಂಬುದರ ಗುರುತು. ತೇಲಿಸಿಡುವ ಶಕ್ತಿ ಉಳಿದಿದೆಯೇ ಎಂದು ತಿಳಿಯಲು ಮನೆಯಲ್ಲೇ ಮಾಡಬಹುದಾದ ಹಳೆಯ ಪರೀಕ್ಷೆಯೊಂದಿದೆ. ಲೋಟದ ಬಾಯಿಯ ಮೇಲೆ ಫಿಲ್ಟರ್ ಕಾಗದವನ್ನು ಹಾಸಿ, ನಡುವೆ ಒಂದೇ ಹನಿ ಎಣ್ಣೆ ಬಿಟ್ಟು, ಕೆಲವು ಗಂಟೆ ಅಲುಗಾಡಿಸದೆ ಇಡಬೇಕು. ಆ ರಾತ್ರಿ ಜಗಲಿಯಲ್ಲಿ ಹೀಗೆ ಇಟ್ಟ ಹನಿ ಬೆಳಗಾಗುವಾಗ ಅಗಲವಾದ ವೃತ್ತವಾಗಿತ್ತು. ನಡುವಿನ ಕಪ್ಪು ಅಂಚಿನತ್ತ ಬೂದು ಬಣ್ಣಕ್ಕೆ ತಿರುಗಿ, ಎಲ್ಲಿಯೂ ಗೆರೆ ಎಳೆದಂತೆ ನಿಲ್ಲದೆ ಕಾಗದದಲ್ಲಿ ಹರಡಿತ್ತು. ಡಿಸ್ಪರ್ಸೆಂಟ್ ಸತ್ತ ಎಣ್ಣೆಯಾದರೆ ಮಸಿ ನಡುವೆಯೇ ಕೂತು, ಸುತ್ತ ಚೂಪಾದ ಅಂಚಿರುವ ದಟ್ಟ ಕಪ್ಪು ಬೊಟ್ಟು ಉಳಿಯುತ್ತಿತ್ತು.

ಪ್ರಯೋಗಾಲಯವು ಅಳೆಯುವ ಮುಖ್ಯ ಸಂಗತಿಗಳಲ್ಲಿ ಮೊದಲನೆಯದು ಈ ಮಸಿ, ಎರಡನೆಯದು ಎಣ್ಣೆಯ ಕ್ಷಾರಶಕ್ತಿ. ಡೀಸೆಲ್‌ನಲ್ಲಿರುವ ಗಂಧಕ ಉರಿದಾಗ ಉಂಟಾಗುವ ಆಕ್ಸೈಡುಗಳು ತೇವಾಂಶದೊಂದಿಗೆ ಸೇರಿ ಆಮ್ಲವಾಗುತ್ತವೆ. ಎಣ್ಣೆ ಸ್ವತಃ ಬಿಸಿಗೆ ಗಾಳಿಯೊಂದಿಗೆ ವರ್ತಿಸಿದಾಗಲೂ ಆಮ್ಲಗಳು ಹುಟ್ಟುತ್ತವೆ. ಇವು ಬೇರಿಂಗುಗಳನ್ನು ತಿನ್ನದಿರಲೆಂದು ಎಣ್ಣೆಯಲ್ಲಿ ಕ್ಯಾಲ್ಸಿಯಂ ಅಥವಾ ಮೆಗ್ನೀಷಿಯಂ ಆಧಾರಿತ ಕ್ಷಾರೀಯ ಡಿಟರ್ಜೆಂಟ್ ಬೆರೆಸಿರುತ್ತಾರೆ. ಒಂದು ಗ್ರಾಂ ಎಣ್ಣೆಯ ಕ್ಷಾರಶಕ್ತಿ ಎಷ್ಟು ಮಿಲಿಗ್ರಾಂ ಪೊಟ್ಯಾಸಿಯಂ ಹೈಡ್ರಾಕ್ಸೈಡಿಗೆ ಸಮ ಎಂಬುದೇ ಬೇಸ್ ನಂಬರ್. ಸಾಮಾನ್ಯ ಡೀಸೆಲ್ ಎಂಜಿನ್ ಎಣ್ಣೆಗಳಲ್ಲಿ ಹೊಸದರಲ್ಲಿ ಇದು 10ರ ಆಸುಪಾಸಿನಲ್ಲಿರುತ್ತದೆ. ಅರ್ಧಕ್ಕೆ ಇಳಿದಾಗ ಎಣ್ಣೆ ಬದಲಿಸಬೇಕು ಎಂಬುದು ಬಳಕೆಯಲ್ಲಿರುವ ಒಂದು ನಿಯಮ. ಎಣ್ಣೆಯಲ್ಲಿರುವ ಆಮ್ಲವನ್ನು ಅಳೆಯುವ, ಏರುತ್ತಿರುವ ಆಮ್ಲ ಸಂಖ್ಯೆ ಇಳಿಯುತ್ತಿರುವ ಬೇಸ್ ನಂಬರನ್ನು ದಾಟಿದಾಗ ಬದಲಿಸಬೇಕು ಎಂಬುದು ಇನ್ನೊಂದು.

ಹಳೆಯ ರೂಢಿಯ ಲೆಕ್ಕಗಳು ಇಂದು ಯಾಕೆ ಸರಿಹೊಂದುವುದಿಲ್ಲ ಎಂಬುದಕ್ಕೆ ಇಲ್ಲಿಯೇ ಉತ್ತರವಿದೆ. ಭಾರತದಲ್ಲಿ ಮಾರುವ ಡೀಸೆಲ್‌ನ ಗಂಧಕದ ಮಿತಿ 2010ರಲ್ಲಿ ದೇಶವ್ಯಾಪಿಯಾಗಿ 350 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗಗಳಲ್ಲಿ 350 ಭಾಗಕ್ಕೆ ಇಳಿಯಿತು. 2017ರಲ್ಲಿ ಅದು 50 ಪಿಪಿಎಂ ಆಯಿತು. 2020ರ ಏಪ್ರಿಲ್ 1ರಿಂದ ಬಿಎಸ್ 6 (ಭಾರತ್ ಸ್ಟೇಜ್ 6) ಮಾನದಂಡದ ಇಂಧನದೊಂದಿಗೆ 10 ಪಿಪಿಎಂಗೆ ಬಂದಿದೆ. ಗಂಧಕ ಹೆಚ್ಚಿದ್ದ ಕಾಲದಲ್ಲಿ ಎಣ್ಣೆಯ ಕ್ಷಾರ ಬೇಗ ಖಾಲಿಯಾಗುತ್ತಿತ್ತು, ಹಾಗಾಗಿ ಬೇಗ ಬದಲಿಸುವುದು ವಿವೇಕವೇ ಆಗಿತ್ತು. ಈಗ ಅನೇಕ ಎಂಜಿನ್‌ಗಳಲ್ಲಿ ಕ್ಷಾರ ಉಳಿದಿರುವಾಗಲೇ ಮಸಿ, ಡೀಸೆಲ್ ಬೆರಕೆ ಅಥವಾ ಧೂಳು ಎಣ್ಣೆಯ ಆಯುಷ್ಯವನ್ನು ನಿರ್ಧರಿಸುತ್ತದೆ. ಅಜ್ಜನ ಕಾಲದ ಅಂಕಿ ಅಂದು ತಪ್ಪಾಗಿರಲಿಲ್ಲ, ಅದು ಬೇರೆ ಇಂಧನಕ್ಕೆ ಹಾಕಿದ ಲೆಕ್ಕವಾಗಿತ್ತು.

ಮೂರನೆಯದು ಸ್ನಿಗ್ಧತೆ, ಗ್ಯಾರೇಜಿನ ಮಾತಿನಲ್ಲಿ ಎಣ್ಣೆಯ ದಪ್ಪ. ಡೀಸೆಲ್ ಎಂಜಿನ್ನಿಗೆ ಸಾಮಾನ್ಯವಾಗಿ ಹಾಕುವ 15ಡಬ್ಲ್ಯೂ-40 ದರ್ಜೆಯ ಎಣ್ಣೆ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸ್ನಿಗ್ಧತೆಯ ಅಳತೆಮಾನದಲ್ಲಿ 12.5ರಿಂದ 16.3 ಸೆಂಟಿಸ್ಟೋಕ್‌ನ ನಡುವೆ ಇರಬೇಕು. ಇಂಜೆಕ್ಟರ್ ಸೋರಿ ಡೀಸೆಲ್ ಬೆರೆತರೆ ಎಣ್ಣೆ ತೆಳುವಾಗುತ್ತದೆ, ಮಸಿ ಹೆಚ್ಚಿದರೆ ದಪ್ಪವಾಗುತ್ತದೆ. ಎರಡೂ ಒಟ್ಟಿಗೆ ಆದಾಗ ಒಂದು ಇನ್ನೊಂದನ್ನು ಮುಚ್ಚಿಹಾಕಿ ಸ್ನಿಗ್ಧತೆಯ ಅಂಕಿ ಸಹಜವಾಗಿಯೇ ಕಾಣಬಹುದು ಎಂಬುದನ್ನು ಓದುಗರು ಗಮನಿಸಬೇಕು. ಅದಕ್ಕಾಗಿಯೇ ಎಣ್ಣೆಯ ಆವಿ ಕಿಡಿಗೆ ಹೊತ್ತಿಕೊಳ್ಳುವ ತಾಪವನ್ನೂ, ಅಂದರೆ ಫ್ಲ್ಯಾಶ್ ಪಾಯಿಂಟನ್ನೂ ಅಳೆಯುತ್ತಾರೆ. ಹೊಸ ಎಣ್ಣೆಯಲ್ಲಿ ಇದು 200 ಡಿಗ್ರಿಗಿಂತ ಮೇಲಿರುತ್ತದೆ. ಡೀಸೆಲ್ ಬೆರೆತಿದ್ದರೆ ಗಣನೀಯವಾಗಿ ಕುಸಿಯುತ್ತದೆ, ಮಸಿ ಎಷ್ಟಿದ್ದರೂ ಈ ಕುಸಿತವನ್ನು ಮರೆಮಾಚಲಾರದು.

ಇವು ಎಣ್ಣೆಯ ಆರೋಗ್ಯದ ಮಾತಾದವು. ಅದೇ ಬಾಟಲಿಯಿಂದ ಎಂಜಿನ್ನಿನ ಆರೋಗ್ಯವೂ ತಿಳಿಯುತ್ತದೆ. ಎಣ್ಣೆಯನ್ನು ಪ್ಲಾಸ್ಮಾ ಜ್ವಾಲೆಯಲ್ಲಿ ಅಥವಾ ವಿದ್ಯುತ್ ಕಿಡಿಯಲ್ಲಿ ಉರಿಸಿದಾಗ ಅದರಲ್ಲಿರುವ ಪ್ರತಿಯೊಂದು ಧಾತುವೂ ತನ್ನದೇ ಬಣ್ಣದ ಬೆಳಕನ್ನು ಹೊಮ್ಮಿಸುತ್ತದೆ. ಆ ಬೆಳಕಿನ ಪ್ರಖರತೆಯಿಂದ ಯಾವ ಲೋಹ ಎಷ್ಟು ಪಿಪಿಎಂ ಇದೆ ಎಂದು ಕಂಡುಹಿಡಿಯಬಹುದು. ಅಮೆರಿಕದ ರೈಲ್ವೆಗಳು 1940ರ ದಶಕದಲ್ಲೇ ಡೀಸೆಲ್ ಲೋಕೊಮೋಟಿವ್‌ಗಳ ಎಣ್ಣೆಯನ್ನು ಹೀಗೆ ಪರೀಕ್ಷಿಸಿ, ಎಂಜಿನ್ ಬಿಚ್ಚದೆಯೇ ಒಳಗಿನ ಸವೆತವನ್ನು ಗುರುತಿಸತೊಡಗಿದ್ದವು. ಕಬ್ಬಿಣ ಹೆಚ್ಚಾಗಿ ಸಿಲಿಂಡರಿನ ಒಳಕವಚವಾದ ಲೈನರ್, ಕ್ರ್ಯಾಂಕ್‌ಶಾಫ್ಟ್ ಮತ್ತು ಗೇರುಗಳಿಂದ, ಅಲ್ಯೂಮಿನಿಯಂ ಪಿಸ್ಟನ್‌ನಿಂದ, ಕ್ರೋಮಿಯಂ ರಿಂಗುಗಳಿಂದ, ಸೀಸ ಮತ್ತು ತವರ ಬೇರಿಂಗುಗಳಿಂದ ಬರುತ್ತವೆ. ತಾಮ್ರ ಒಂದೇ ಏರಿದ್ದರೆ ಗಾಬರಿಪಡಬೇಕಿಲ್ಲ. ಹೊಸ ಎಂಜಿನ್‌ಗಳಲ್ಲಿ ಆಯಿಲ್ ಕೂಲರ್‌ನ ಕೊಳವೆಗಳಿಂದ ತಾಮ್ರ ಕರಗಿ ಬರುವುದುಂಟು. ತಾಮ್ರದ ಜೊತೆ ಸೀಸವೂ ಏರಿದರೆ ಮಾತ್ರ ಬೇರಿಂಗ್ ನೋಡಬೇಕು.

ಧೂಳಿನ ಗುರುತು ಸಿಲಿಕಾನ್. ಇಲ್ಲಿ ನಮ್ಮ ಜಿಲ್ಲೆಗಳವರು ಸ್ವಲ್ಪ ಬೇರೆ ರೀತಿ ಯೋಚಿಸಬೇಕೆಂದು ನನಗೆ ಅನ್ನಿಸುತ್ತದೆ. ಕರಾವಳಿಯ ಮುರಕಲ್ಲಿನಲ್ಲಿ, ಅಂದರೆ ಕೆಂಪುಕಲ್ಲಿನಲ್ಲಿ, ಲಕ್ಷಾಂತರ ವರ್ಷಗಳ ಮಳೆಗೆ ಸಿಲಿಕಾನ್ ಆಕ್ಸೈಡ್ ಆದ ಸಿಲಿಕಾದ ಬಹುಪಾಲು ತೊಳೆದುಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂನ ಆಕ್ಸೈಡುಗಳು ಉಳಿದಿವೆ. ಕೆಂಪುಕಲ್ಲಿನ ಕೋರೆಯಲ್ಲಿ ದುಡಿಯುವ ಟಿಪ್ಪರ್‌ನ ಏರ್ ಫಿಲ್ಟರ್ ಹರಿದಿದ್ದರೆ, ಮರಳುಮಣ್ಣಿನ ನಾಡಿನಲ್ಲಿ ಕಾಣುವಷ್ಟು ಸಿಲಿಕಾನ್ ಎಣ್ಣೆಯಲ್ಲಿ ಕಾಣದೆ, ಅಲ್ಯೂಮಿನಿಯಂ ಮತ್ತು ಕಬ್ಬಿಣವೇ ಎದ್ದುಕಾಣುವ ಸಾಧ್ಯತೆಯಿದೆ. ಅದನ್ನು ಪಿಸ್ಟನ್ ಸವೆತವೆಂದು ತಿಳಿದು ಎಂಜಿನ್ ಬಿಚ್ಚುವ ಮೊದಲು ಏರ್ ಫಿಲ್ಟರ್‌ನಿಂದ ಎಂಜಿನ್‌ಗೆ ಹೋಗುವ ರಬ್ಬರ್ ಹೋಸನ್ನು ಕೈಯಾಡಿಸಿ ನೋಡುವುದು ಒಳ್ಳೆಯದು.

ಒಂದು ಸಲದ ಅಂಕಿಗಿಂತ ಅಂಕಿಗಳ ಏರಿಕೆಯ ವೇಗ ಮುಖ್ಯ. ಮಲ್ಪೆಯ ಆ ಬೋಟಿನ ಎಣ್ಣೆಯಲ್ಲಿ 140 ಗಂಟೆಗೆ ಕಬ್ಬಿಣ 21 ಪಿಪಿಎಂ ಇತ್ತು, ಬೇಸ್ ನಂಬರ್ 10.2ರಿಂದ 8.3ಕ್ಕೆ ಇಳಿದಿತ್ತು. ಮಾಲೀಕರು ಎಣ್ಣೆ ಬದಲಿಸದೆ ಇನ್ನೊಂದು ಸಲ ಕಡಲಿಗೆ ಕಳುಹಿಸಿದರು. 280 ಗಂಟೆಗೆ ಕಬ್ಬಿಣ 43, ಬೇಸ್ ನಂಬರ್ 7.1. ಮೂರನೆಯ ಸಲ 400 ಗಂಟೆಗೆ ಕಬ್ಬಿಣ 62, ಬೇಸ್ ನಂಬರ್ 6.3. ಕಬ್ಬಿಣ ಮೂರು ಪಟ್ಟಾಯಿತಲ್ಲ ಎಂದು ಮೆಕ್ಯಾನಿಕ್ ಕಳವಳಪಟ್ಟರು, ಆದರೆ ನೂರು ಗಂಟೆಗೆ ಸುಮಾರು 15 ಪಿಪಿಎಂನಂತೆ ಸವೆತ ಒಂದೇ ವೇಗದಲ್ಲಿ ನಡೆದಿತ್ತು. ಇಪ್ಪತ್ತು ಲೀಟರ್ ಎಣ್ಣೆಯಲ್ಲಿ 62 ಪಿಪಿಎಂ ಎಂದರೆ ಒಟ್ಟು ಒಂದು ಗ್ರಾಂನಷ್ಟು ಕಬ್ಬಿಣ. ನಾನೂರು ಗಂಟೆ ಬಲೆ ಎಳೆದ ಎಂಜಿನ್ ಕಳೆದುಕೊಂಡದ್ದು ಅಷ್ಟೇ.

ಆದರೆ ಮೂರನೆಯ ವರದಿಯಲ್ಲಿ ಬೇರೊಂದು ಸಾಲು ಕಣ್ಣಿಗೆ ಬಿತ್ತು. ಮೊದಲೆರಡು ಸಲ 5 ಮತ್ತು 6 ಇದ್ದ ಸೋಡಿಯಂ ಒಮ್ಮೆಲೇ 31ಕ್ಕೆ ಏರಿತ್ತು. ಸೋಡಿಯಂ ಎರಡು ದಾರಿಯಿಂದ ಬರಬಹುದು: ರೇಡಿಯೇಟರ್ ಕೂಲೆಂಟ್‌ನಲ್ಲಿ ತುಕ್ಕುನಿರೋಧಕವಾಗಿ ಬೆರೆಸಿದ ಲವಣಗಳಿಂದ, ಇಲ್ಲವೇ ಕಡಲಿನ ನೀರಿನಿಂದ. ಒಂದು ಕಿಲೋ ಸಮುದ್ರದ ನೀರಿನಲ್ಲಿ ಸುಮಾರು 10.8 ಗ್ರಾಂ ಸೋಡಿಯಂ, 1.3 ಗ್ರಾಂ ಮೆಗ್ನೀಷಿಯಂ ಮತ್ತು 0.4 ಗ್ರಾಂ ಪೊಟ್ಯಾಸಿಯಂ ಇರುತ್ತದೆ. ಕೂಲೆಂಟ್ ಸೋರಿದ್ದರೆ ಅನೇಕ ಸಲ ಪೊಟ್ಯಾಸಿಯಂ ಕೂಡ ಏರುತ್ತದೆ. ಇಲ್ಲಿ ಪೊಟ್ಯಾಸಿಯಂ ಕದಲಿರಲಿಲ್ಲ, ಮೆಗ್ನೀಷಿಯಂ ಮಾತ್ರ 8ರಿಂದ 11ಕ್ಕೆ ಏರಿತ್ತು. ಅಂದರೆ ಏರಿಕೆ ಸೋಡಿಯಂನಲ್ಲಿ 25, ಮೆಗ್ನೀಷಿಯಂನಲ್ಲಿ 3. ಎಂಟಕ್ಕೆ ಒಂದು ಎಂಬ ಕಡಲಿನ ಅನುಪಾತವೇ ಅದು. ಈ ಎಣ್ಣೆಯ ಡಿಟರ್ಜೆಂಟ್ ಕ್ಯಾಲ್ಸಿಯಂ ಆಧಾರಿತವಾಗಿದ್ದುದರಿಂದ ಈ ಪುಟ್ಟ ಏರಿಕೆ ಕಂಡಿತು, ಮೆಗ್ನೀಷಿಯಂ ಆಧಾರಿತವಾಗಿದ್ದರೆ ನೂರಾರು ಪಿಪಿಎಂಗಳ ನಡುವೆ ಮುಳುಗಿಹೋಗುತ್ತಿತ್ತು.

ಲೆಕ್ಕ ಹಾಕಿದರೆ ಒಳಗೆ ಸೇರಿದ್ದ ಕಡಲ ನೀರು ನಲವತ್ತು ಗ್ರಾಂನಷ್ಟು, ಚಹಾ ಲೋಟದ ಅರ್ಧವೂ ಇಲ್ಲ. ಆ ನೀರು ಎಣ್ಣೆಯಲ್ಲಿ ಇರಲೂ ಇಲ್ಲ. ಸುಮಾರು 150 ಡಿಗ್ರಿಗೆ ಕಾಯಿಸಿದ ತಟ್ಟೆಯ ಮೇಲೆ ಒಂದು ಹನಿ ಹಾಕಿದಾಗ, ನೀರಿದ್ದರೆ ಒಗ್ಗರಣೆಯ ಸಾಸಿವೆಯಂತೆ ಚಟಪಟ ಸಿಡಿಯಬೇಕಿತ್ತು. ಸಿಡಿಯಲಿಲ್ಲ. ಗೋಕರ್ಣದ ಸಾಣಿಕಟ್ಟೆಯ ಉಪ್ಪಿನ ಆಗರಗಳಲ್ಲಿ ಬಿಸಿಲಿಗೆ ಆಗುವುದೇ ಎಂಜಿನ್ ತಳದಲ್ಲಿ ಎಣ್ಣೆ ನಿಲ್ಲುವ ಬಿಸಿ ಸಂಪಿನಲ್ಲೂ ಆಗಿತ್ತು: ನೀರು ಆವಿಯಾಗಿ ಹೋಗಿ ಉಪ್ಪು ಉಳಿದಿತ್ತು. ಹುಡುಕಿದಾಗ ದೋಷ ಕಂಡದ್ದು ಎಂಜಿನ್ ತಣಿಸಲು ಕಡಲ ನೀರು ಎಳೆಯುವ ಪಂಪಿನಲ್ಲಿ. ಆ ಪಂಪಿನ ಶಾಫ್ಟಿಗೆ ಎರಡು ಸೀಲುಗಳಿದ್ದು, ಒಂದು ನೀರನ್ನೂ ಇನ್ನೊಂದು ಎಣ್ಣೆಯನ್ನೂ ತಡೆಯುತ್ತದೆ. ನಡುವೆ ಪೆನ್ಸಿಲ್ ತುದಿಯಷ್ಟು ಅಗಲದ ತೂತೊಂದಿದ್ದು, ನೀರಿನ ಸೀಲ್ ಸೋತರೆ ಹನಿಗಳು ಅದರ ಮೂಲಕ ಹೊರಗೆ ತೊಟ್ಟಿಕ್ಕಿ ಎಚ್ಚರಿಸಬೇಕು. ಹಿಂದಿನ ಮಳೆಗಾಲದಲ್ಲಿ ಎಂಜಿನ್‌ಗೆ ಬಣ್ಣ ಬಳಿಯುವಾಗ ಆ ತೂತನ್ನೂ ಬಳಿದುಬಿಟ್ಟಿದ್ದರು. ಹೊರಗೆ ದಾರಿಯಿಲ್ಲದ ನೀರು ಎರಡನೆಯ ಸೀಲನ್ನು ದಾಟಿ ಒಳಗೆ ಇಳಿದಿತ್ತು. ಮೆಕ್ಯಾನಿಕ್ ತಂತಿಯೊಂದನ್ನು ಚುಚ್ಚಿ ಬಣ್ಣದ ಪದರ ಒಡೆದಾಗ ತುಕ್ಕಿನ ನೀರು ಅವರ ಮುಂಗೈ ಮೇಲೆ ಇಳಿಯಿತು. ಬೇಸ್ ನಂಬರ್ ಪ್ರಕಾರ ಎಣ್ಣೆಗೆ ಇನ್ನೂ ಆಯುಷ್ಯವಿದ್ದರೂ ಉಪ್ಪು ಬೇರಿಂಗ್ ತಿನ್ನುವ ಕಾರಣ ಅಂದೇ ಸೀಲುಗಳನ್ನೂ ಎಣ್ಣೆಯನ್ನೂ ಬದಲಿಸಿದರು.

ಈ ವಿಶ್ಲೇಷಣೆಗೂ ಕಾಣದ ಸಂಗತಿಗಳಿವೆ. ಸ್ಪೆಕ್ಟ್ರೋಮೀಟರ್ ಐದರಿಂದ ಹತ್ತು ಮೈಕ್ರಾನ್‌ಗಿಂತ ದೊಡ್ಡ ಕಣಗಳನ್ನು ಸರಿಯಾಗಿ ಅಳೆಯಲಾರದು. ಗೇರಿನ ಹಲ್ಲು ಮುರಿದು ದೊಡ್ಡ ಚೂರುಗಳು ಬಿದ್ದಿದ್ದರೂ ವರದಿಯಲ್ಲಿ ಕಬ್ಬಿಣ ಸಹಜವಾಗಿಯೇ ಇರಬಹುದು. ಆದ್ದರಿಂದ ಕಳಚಿದ ಆಯಿಲ್ ಫಿಲ್ಟರನ್ನು ಎಸೆಯದೆ, ಅದರ ತಗಡನ್ನು ಕತ್ತರಿಸಿ, ಒಳಗಿನ ಕಾಗದದ ಮಡಿಕೆಗಳನ್ನು ಬಿಡಿಸಿ ಬಿಸಿಲಿನಲ್ಲಿ ಹಿಡಿದು ನೋಡಬೇಕು. ಮಿನುಗುವ ಚೂರುಗಳಿದ್ದರೆ ಆಯಸ್ಕಾಂತ ತಾಗಿಸಿ, ಅಂಟುವುದು ಉಕ್ಕು, ಅಂಟದಿರುವುದು ಬೇರಿಂಗ್ ಅಥವಾ ಪಿಸ್ಟನ್ ಎಂದು ಬೇರ್ಪಡಿಸಬಹುದು.

ಮಾದರಿ ತೆಗೆಯುವ ಕ್ರಮದಲ್ಲಿ ತಪ್ಪಿದರೆ ಮುಂದಿನದೆಲ್ಲವೂ ವ್ಯರ್ಥ. ಎಂಜಿನ್ ಬಿಸಿಯಿರುವಾಗಲೇ, ಡಿಪ್‌ಸ್ಟಿಕ್ ಕೊಳವೆಯ ಮೂಲಕ ಸ್ವಚ್ಛವಾದ ಪೈಪ್ ಇಳಿಸಿ, ಸಂಪಿನ ತಳ ಮುಟ್ಟದಂತೆ ನಡುವಿನ ಎಣ್ಣೆಯನ್ನು ಎಳೆಯಬೇಕು. ಬಾಟಲಿ ಒಣಗಿರಬೇಕು, ನೀರು ಕುಡಿದು ಬಿಟ್ಟ ಬಾಟಲಿ ಆಗದು. ಎಣ್ಣೆ ಹಾಕಿ ಎಷ್ಟು ಗಂಟೆಯಾಯಿತು, ನಡುವೆ ಎಷ್ಟು ಲೀಟರ್ ಸೇರಿಸಿದಿರಿ ಎಂದು ಬರೆದಿಡಬೇಕು, ಯಾಕೆಂದರೆ ಸೇರಿಸಿದ ಹೊಸ ಎಣ್ಣೆ ಲೋಹದ ಅಂಕಿಯನ್ನು ಇಳಿಸಿ, ಬೇಸ್ ನಂಬರನ್ನು ಏರಿಸಿ ತೋರಿಸುತ್ತದೆ. ಹೋಲಿಕೆಗೆ ಅದೇ ಡಬ್ಬದ ಹೊಸ ಎಣ್ಣೆಯ ಮಾದರಿಯೊಂದನ್ನೂ ಕಳುಹಿಸಬೇಕು. ಲಾರಿ, ಬಸ್ಸುಗಳವರು ಕಿಲೋಮೀಟರ್ ಜೊತೆಗೆ ಎಂಜಿನ್ ಓಡಿದ ಗಂಟೆಯನ್ನೂ ಗಮನಿಸುವುದು ಒಳ್ಳೆಯದು. ಶಿರಾಡಿ ಘಾಟಿಯಲ್ಲಿ ಸರಕು ತುಂಬಿ ಮೊದಲ ಗೇರಿನಲ್ಲಿ ತೆವಳುವ ಲಾರಿಯ ಹತ್ತು ಕಿಲೋಮೀಟರ್, ಹೆದ್ದಾರಿಯಲ್ಲಿ ಸುರತ್ಕಲ್‌ನಿಂದ ಉಡುಪಿಯತ್ತ ಓಡುವ ಬಸ್ಸಿನ ಹತ್ತು ಕಿಲೋಮೀಟರ್‌ಗೆ ಸಮವಲ್ಲ. ನಾಲ್ಕೈದು ಲೀಟರ್ ಹಿಡಿಸುವ ಮನೆಯ ಕಾರಿಗೆ ಇಷ್ಟೆಲ್ಲ ಪರೀಕ್ಷೆ ಮಾಡಿಸುವುದು ನನ್ನ ದೃಷ್ಟಿಯಲ್ಲಿ ಅನಗತ್ಯ, ಕೈಪಿಡಿಯ ಅವಧಿಯನ್ನೇ ಪಾಲಿಸಿದರೆ ಸಾಕು.

ಬೋಟುಗಳಿಗೆ ಮಾತ್ರ ಒಂದು ಸಂದರ್ಭದಲ್ಲಿ ವರದಿಗಾಗಿ ಕಾಯಬಾರದು. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಯಾಂತ್ರಿಕ ಮೀನುಗಾರಿಕೆ ನಿಷೇಧದ ಕಾಲದಲ್ಲಿ ಎಂಜಿನ್ ತಣ್ಣಗೆ ನಿಂತಿರುತ್ತದೆ. ಗಾಳಿಯಲ್ಲಿ ಉಪ್ಪೂ ತೇವವೂ ತುಂಬಿರುವ ಆ ಎರಡು ತಿಂಗಳು ಆಮ್ಲ ಬೆರೆತ ಹಳೆಯ ಎಣ್ಣೆ ಬೇರಿಂಗುಗಳ ಮೇಲೆ ಕೂತಿರುವುದು ಒಳ್ಳೆಯದಲ್ಲ. ಮೇ ತಿಂಗಳ ಕೊನೆಯ ಸಲ ದಡ ಸೇರಿದಾಗ ನಮ್ಮ ಮಾಲೀಕರು, ಎಣ್ಣೆ ಹಾಕಿ ನೂರು ಗಂಟೆಯಷ್ಟೇ ಆಗಿದ್ದರೂ, ಬಿಸಿಯಿರುವಾಗಲೇ ಬಾಟಲಿ ತುಂಬಿಸಿ ಉಳಿದದ್ದನ್ನು ಇಳಿಸಿದರು. ಹೊಸ ಎಣ್ಣೆ ಹಾಕಿ, ಅದು ಎಲ್ಲ ಬೇರಿಂಗುಗಳಿಗೂ ಹರಡುವಂತೆ ಹತ್ತು ನಿಮಿಷ ಎಂಜಿನ್ ಓಡಿಸಿ ನಿಲ್ಲಿಸಿದರು. ಆ ಬಾಟಲಿಯ ವರದಿ ಜೂನ್ ಎರಡನೆಯ ವಾರ ಬಂತು. ಸೋಡಿಯಂ 6ಕ್ಕೆ ಇಳಿದಿತ್ತು. ಕ್ರೋಮಿಯಂ ಮಾತ್ರ ಸ್ವಲ್ಪ ಏರಿತ್ತು. ರಿಂಗುಗಳನ್ನು ಬಿಚ್ಚಿ ನೋಡಲು ಮೆಕ್ಯಾನಿಕ್‌ಗೆ ಇನ್ನೂ ಒಂದೂವರೆ ತಿಂಗಳಿತ್ತು.