ಪಟ್ಟೆ ಕಂಡರೆ ಸಾಲದು: ಜೀವಕೋಶದ ರಿಸೆಪ್ಟರ್‌ಗಳನ್ನು ಹುಡುಕುವ ಆಂಟಿಬಾಡಿಗಳ ಕಥೆ

1979ರಲ್ಲಿ ಅಮೆರಿಕದ ಸಾಲ್ಕ್ ಸಂಸ್ಥೆಯಲ್ಲಿ ಜೀವವಿಜ್ಞಾನಿ ಟೋನಿ ಹಂಟರ್, ಫಾಸ್ಫೇಟ್ ಅಂಟಿದ ಅಮೈನೋ ಆಮ್ಲಗಳನ್ನು ವಿದ್ಯುತ್ತಿನಿಂದ ಬೇರ್ಪಡಿಸುವಾಗ ಹಳೇ ಬಫರ್ ದ್ರಾವಣವನ್ನೇ ಮತ್ತೆ ಬಳಸಿದರು. ಹೊಸದಾಗಿ ಕಲಸಿದ್ದರೆ ಅದರ ಪಿಎಚ್ 1.9 ಇರಬೇಕಿತ್ತು. ಬಳಸಿ ಬಳಸಿ 1.7ಕ್ಕೆ ಇಳಿದಿತ್ತು. ಅಷ್ಟಕ್ಕೇ, ಅಲ್ಲಿವರೆಗೆ ಒಂದೇ ಚುಕ್ಕೆಯಾಗಿ ಕಾಣುತ್ತಿದ್ದದ್ದು ಎರಡಾಯಿತು. ಒಂದು ಫಾಸ್ಫೊಥ್ರಿಯೊನಿನ್, ಇನ್ನೊಂದು ಫಾಸ್ಫೊಟೈರೊಸಿನ್. ಪ್ರೋಟೀನಿನ ಟೈರೊಸಿನ್ ಎಂಬ ಅಮೈನೋ ಆಮ್ಲಕ್ಕೂ ಫಾಸ್ಫೇಟ್ ಅಂಟುತ್ತದೆ ಅಂತ ಗೊತ್ತಾಗಿದ್ದು ಹಾಗೆ.

ಮರುವರ್ಷವೇ ಸ್ಟ್ಯಾನ್ಲಿ ಕೋಹೆನ್ ಅವರ ಲ್ಯಾಬಿನಿಂದ ಇನ್ನೊಂದು ಸುದ್ದಿ ಬಂತು. ಇಜಿಎಫ್ ಎಂಬ ಬೆಳವಣಿಗೆಯ ಅಂಶವನ್ನು ಹಿಡಿಯುವ ರಿಸೆಪ್ಟರ್ ಕೂಡ ಹೀಗೇ ಟೈರೊಸಿನ್‌ಗೆ ಫಾಸ್ಫೇಟ್ ಅಂಟಿಸುತ್ತದೆ. ಈ ರಿಸೆಪ್ಟರ್ ಜೀವಕೋಶದ ಪೊರೆಯನ್ನು ಹಾದು ನಿಂತಿರುತ್ತದೆ. ಹೊರಗಿನ ತಲೆ ಇಜಿಎಫ್ ಹಿಡಿಯುತ್ತದೆ. ಆಗ ಎರಡು ರಿಸೆಪ್ಟರ್‌ಗಳು ಜೋಡಿಯಾಗಿ, ಒಂದರ ಒಳಬಾಲಕ್ಕೆ ಇನ್ನೊಂದು ಫಾಸ್ಫೇಟ್ ಅಂಟಿಸುತ್ತದೆ. 'ಬೆಳೆ' ಎಂಬ ಸಂದೇಶ ಒಳಗೆ ಹೋಗುತ್ತದೆ. ಫಾಸ್ಫೇಟ್ ಅಂಟಿಸುವ ಕಿಣ್ವವೂ ಆಗಿರುವ ಇಂಥ ರಿಸೆಪ್ಟರ್ ಟೈರೊಸಿನ್ ಕೈನೇಸ್‌ಗಳು ಮನುಷ್ಯರಲ್ಲಿ 58 ಇವೆ. ಇವು ಹದ ತಪ್ಪಿದರೆ ಕ್ಯಾನ್ಸರ್ ಬರಬಹುದು.

ಆದರೆ ಇದನ್ನು ನೋಡುವುದು ಹೇಗೆ? ಸಾಮಾನ್ಯ ಜೀವಕೋಶದಲ್ಲಿ ಅಮೈನೋ ಆಮ್ಲಗಳಿಗೆ ಅಂಟಿದ ಫಾಸ್ಫೇಟಿನಲ್ಲಿ ಟೈರೊಸಿನ್ ಪಾಲು ಶೇ 0.05ರ ಆಸುಪಾಸು. ವಿಕಿರಣಶೀಲ ರಂಜಕ ಹಾಕಿ ಹುಡುಕಬೇಕಿತ್ತು, ಕಷ್ಟದ ಕೆಲಸ. ಅದನ್ನು ಹಗುರ ಮಾಡಿದ್ದು ಆಂಟಿಬಾಡಿ, ಅಂದರೆ ತನ್ನ ಗುರಿಯನ್ನು ಹುಡುಕಿ ಅದಕ್ಕೆ ಅಂಟುವ, ದೇಹದ ರಕ್ಷಣಾ ಪ್ರೋಟೀನು. 1981ರಲ್ಲಿ ಡೇವಿಡ್ ಬಾಲ್ಟಿಮೋರ್ ಮತ್ತು ಸಂಗಡಿಗರು ಫಾಸ್ಫೊಟೈರೊಸಿನ್ ಹೋಲುವ ಕೃತಕ ಅಣುವಿನ ವಿರುದ್ಧ ಆಂಟಿಬಾಡಿ ಪಡೆದು, ಟೈರೊಸಿನ್‌ಗೆ ಫಾಸ್ಫೇಟ್ ಅಂಟಿದ ಪ್ರೋಟೀನುಗಳನ್ನು ಹೆಕ್ಕಿ ತೆಗೆದರು. ಆಮೇಲೆ ಬಂದ 4ಜಿ10 ಎಂಬ ಆಂಟಿಬಾಡಿ ಇಂದಿಗೂ ಎಷ್ಟೋ ಲ್ಯಾಬುಗಳ ಫ್ರಿಜ್‌ನಲ್ಲಿದೆ. ಅದನ್ನು ಮಾಡಿದ ಬ್ರಯಾನ್ ಡ್ರೂಕರ್ ಅವರೇ ಮುಂದೆ ರಕ್ತದ ಕ್ಯಾನ್ಸರಿನ ಇಮ್ಯಾಟಿನಿಬ್ ಮಾತ್ರೆಯ ಹಿಂದೆ ನಿಂತವರು.

ರಿಸೆಪ್ಟರಿನ ಹೊರತಲೆಯನ್ನು ಹಿಡಿಯುವ ಆಂಟಿಬಾಡಿಗಳದ್ದು ಬೇರೆಯೇ ದಾರಿ. 1980ರ ದಶಕದಲ್ಲಿ ಜಾನ್ ಮೆಂಡೆಲ್‌ಸನ್ ತಂಡದ 225, ಜೆನೆಂಟೆಕ್ ಕಂಪನಿಯ 4ಡಿ5 ಎಂಬ ಆಂಟಿಬಾಡಿಗಳು, ಎರಡೂ ಇಲಿಯಿಂದ ಬಂದ ಲ್ಯಾಬ್ ಸಾಧನಗಳೇ. ಮೊದಲನೆಯದು ಸೆಟುಕ್ಸಿಮ್ಯಾಬ್ ಎಂಬ ಕ್ಯಾನ್ಸರ್ ಔಷಧವಾಯಿತು. ಎರಡನೆಯದು ಸ್ತನ ಕ್ಯಾನ್ಸರಿನ ಟ್ರಾಸ್ಟುಜುಮ್ಯಾಬ್ ಆಗಿ 1998ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. 2014ರಲ್ಲಿ ಬೆಂಗಳೂರಿನ ಬಯೋಕಾನ್ ಅದರ ಬಯೋಸಿಮಿಲರನ್ನು (ಅದನ್ನೇ ಹೋಲುವ ಔಷಧವನ್ನು) ಇಲ್ಲಿನ ಮಾರುಕಟ್ಟೆಗೆ ತಂದಿತು.

ಲ್ಯಾಬಿನಲ್ಲಿ ಮಾತ್ರ ಪ್ರಶ್ನೆ ಇನ್ನೂ ಸೂಕ್ಷ್ಮವಾಯಿತು. ಬಾಲದ ಯಾವ ಟೈರೊಸಿನ್‌ಗೆ ಫಾಸ್ಫೇಟ್ ಅಂಟಿದೆ? ಒಂದೊಂದು ಜಾಗಕ್ಕೂ ಒಂದೊಂದು ಆಂಟಿಬಾಡಿ ಬಂತು. ಇಲ್ಲೊಂದು ಗೊಂದಲವೂ ಇದೆ. ಇಜಿಎಫ್ ರಿಸೆಪ್ಟರಿನ ಒಂದೇ ಜಾಗವನ್ನು ಒಂದು ಆಂಟಿಬಾಡಿಯ ಸೀಸೆ 1068 ಅನ್ನುತ್ತದೆ, ಇನ್ನೊಂದು 1092 ಅನ್ನುತ್ತದೆ. ಪ್ರೋಟೀನ್ ತಯಾರಾಗುವಾಗ ಕತ್ತರಿಸಿ ಹೋಗುವ ಮೊದಲ 24 ಅಮೈನೋ ಆಮ್ಲಗಳನ್ನು ಒಬ್ಬರು ಎಣಿಸುತ್ತಾರೆ, ಇನ್ನೊಬ್ಬರು ಎಣಿಸುವುದಿಲ್ಲ, ಅಷ್ಟೇ. ಹೊಸಬರು ಎರಡನ್ನೂ ಕೊಂಡು ದುಡ್ಡು ಕಳೆದುಕೊಳ್ಳಬಾರದಲ್ವಾ? ಅಡುಗೆಮನೆಯ ವಿಷಯವೂ ಒಂದಿದೆ. ವೆಸ್ಟರ್ನ್ ಬ್ಲಾಟ್‌ನಲ್ಲಿ ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸಿ ಒಂದು ತೆಳುಹಾಳೆಗೆ ಅಂಟಿಸುತ್ತಾರೆ, ಆಂಟಿಬಾಡಿ ಹಿಡಿದದ್ದು ಪಟ್ಟೆಯಾಗಿ ಕಾಣುತ್ತದೆ. ಆಂಟಿಬಾಡಿ ಎಲ್ಲೆಂದರಲ್ಲಿ ಅಂಟದ ಹಾಗೆ ಆ ಹಾಳೆಯನ್ನು ಮೊದಲು ಹಾಲಿನ ಪುಡಿಯ ನೀರಿನಲ್ಲಿ ನೆನೆಸುವ ರೂಢಿ. ಹಾಲಿನ ಕೇಸಿನ್‌ನಲ್ಲೇ ಫಾಸ್ಫೇಟ್ ಇರುವುದರಿಂದ, ಫಾಸ್ಫೇಟ್ ಹುಡುಕುವಾಗ ಹಾಲು ಬೇಡ, ದನದ ಸೀರಮ್ ಆಲ್ಬುಮಿನ್ ಇರಲಿ ಅನ್ನುತ್ತಾರೆ ಅನುಭವಿಗಳು.

ಇಷ್ಟೆಲ್ಲ ಎಚ್ಚರ ವಹಿಸಿದರೂ, ಆಂಟಿಬಾಡಿಯೇ ಬೇರೆ ಪ್ರೋಟೀನಿಗೆ ಅಂಟಿದರೆ? ನನಗೆ ಜಾಸ್ತಿ ಕಳವಳ ತರುವುದು ಇದೇ. ಮೊಲದ ಸೀರಮ್ಮಿನಿಂದ ತೆಗೆದ ಆಂಟಿಬಾಡಿ ಆ ಮೊಲ ಸತ್ತರೆ ಮುಗಿಯಿತು. ಇನ್ನೊಂದು ಮೊಲದ್ದು ಬೇರೆಯೇ ಆಗಿರುತ್ತದೆ. 1975ರಲ್ಲಿ ಕೇಂಬ್ರಿಜ್‌ನಲ್ಲಿ ಕೋಲರ್ ಮತ್ತು ಮಿಲ್‌ಸ್ಟೈನ್ ಕೊಟ್ಟ ಹೈಬ್ರಿಡೋಮಾ ಕೋಶಗಳು (ಆಂಟಿಬಾಡಿ ಮಾಡುವ ಕೋಶವನ್ನು ಕ್ಯಾನ್ಸರ್ ಕೋಶದ ಜೊತೆ ಬೆಸೆದು ಮಾಡಿದವು) ಒಂದೇ ಬಗೆಯ ಆಂಟಿಬಾಡಿಯನ್ನು ಮಾಡುತ್ತಲೇ ಇರುತ್ತವೆ, ನಿಜ. ಆದರೆ ಅವೂ ಕಾಲಕ್ರಮೇಣ ಬದಲಾಗಬಹುದು, ಸಾಯಬಹುದು. 2015ರಲ್ಲಿ ಬ್ರಾಡ್‌ಬರಿ, ಪ್ಲಕ್‌ಥುನ್ ಮತ್ತು ನೂರಕ್ಕೂ ಹೆಚ್ಚು ವಿಜ್ಞಾನಿಗಳು, ಆಂಟಿಬಾಡಿಗಳನ್ನು ಅವುಗಳ ಡಿಎನ್ಎ ಸರಣಿಯಿಂದಲೇ ಗುರುತಿಸಿ ತಯಾರಿಸಬೇಕು ಎಂದು ಬಹಿರಂಗವಾಗಿ ಕೇಳಿಕೊಂಡರು. 2023ರಲ್ಲಿ ಕೆನಡಾದ ವೈಕರೋಸ್ ತಂಡ 65 ಪ್ರೋಟೀನುಗಳಿಗೆ ಮಾರುವ 614 ಆಂಟಿಬಾಡಿಗಳನ್ನು ಪರೀಕ್ಷಿಸಿತು. ಹೀಗೆ ಸರಣಿಯಿಂದ ತಯಾರಾದವೇ ಒಟ್ಟಾರೆ ಮೇಲಾದವು. ಕೆಲಸಕ್ಕೆ ಬಾರದ ಆಂಟಿಬಾಡಿಗಳಿಂದ ಎಷ್ಟೋ ಪ್ರಬಂಧಗಳು ಪ್ರಕಟವಾಗಿದ್ದೂ ಕಂಡಿತು.

ಅವರ ಪರೀಕ್ಷೆ ಸರಳ. ಇಜಿಎಫ್ ರಿಸೆಪ್ಟರನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ಬ್ಲಾಟ್‌ನಲ್ಲಿ ಎರಡು ಸಾಲು. ಒಂದರಲ್ಲಿ ಮಾಮೂಲಿ ಜೀವಕೋಶ, ಪಕ್ಕದಲ್ಲಿ ಆ ಜೀನನ್ನೇ ಕಿತ್ತು ಹಾಕಿದ ಜೀವಕೋಶ. ಮೊದಲ ಸಾಲಿನಲ್ಲಿ 170 ಕಿಲೋಡಾಲ್ಟನ್ (ಪ್ರೋಟೀನಿನ ತೂಕದ ಅಳತೆ) ಹತ್ತಿರ ಪಟ್ಟೆ ಬರಬೇಕು. ಎರಡನೆಯದರಲ್ಲಿ ಆ ಜಾಗ ಖಾಲಿ ಇರಬೇಕು. ಅಲ್ಲೂ ಪಟ್ಟೆ ಕಂಡರೆ, ನೀವು ಇಷ್ಟು ದಿನ ನೋಡಿದ್ದು ಬೇರೆ ಯಾವುದೋ ಪ್ರೋಟೀನನ್ನು.