ಆ ಹಳದಿ ಹಕ್ಕಿ ಕರಿ ಹಕ್ಕಿಯ ಮರಿಯಾ?

ಪ್ರಶ್ನೆ: ಮಾಟುಂಗದ ಫೈವ್ ಗಾರ್ಡನ್ಸ್‌ಗೆ ದಿನಾ ಬೆಳಿಗ್ಗೆ ವಾಕಿಂಗ್ ಹೋಗುತ್ತೇನೆ. ಅಲ್ಲಿ ಹೂವಿನ ಗಿಡಗಳಿಗೆ ಬಾಗಿದ ಕೊಕ್ಕಿನ ಪುಟ್ಟ ಹಕ್ಕಿಗಳು ಬರುತ್ತವೆ. ಒಂದು ಪೂರ್ತಿ ಕಪ್ಪು, ಉಳಿದವು ಹಳದಿ. ಹಳದಿಯವು ಅದರ ಮರಿಗಳಾ? ಫೋಟೋದಲ್ಲಿ ಕರಿ ಹಕ್ಕಿ ಬರೀ ಮಸಿ ಉಂಡೆ ಥರ ಬರುತ್ತದಲ್ಲ, ಯಾಕೆ?

ಉತ್ತರ: ಹಳದಿಯವು ಹೆಚ್ಚಾಗಿ ಹೆಣ್ಣುಗಳು. ನಾಚಿಕೆಪಡಬೇಡಿ, ನಾನೂ ಎರಡು ವರ್ಷ ಹೆಣ್ಣು ಹಕ್ಕಿಯ ಫೋಟೋ ಕೆಳಗೆ 'ಮರಿ' ಅಂತಲೇ ಬರೆದುಕೊಂಡಿದ್ದೆ.

ಇವು ಸೂರಕ್ಕಿಗಳು. ಮರಾಠಿಯಲ್ಲಿ ಶಿಂಜೀರ್. ಮುಂಬೈ ಪಾರ್ಕುಗಳಲ್ಲಿ ಜಾಸ್ತಿ ಕಾಣುವುದು ಎರಡು ಜಾತಿ: ಪರ್ಪಲ್ ಸನ್‌ಬರ್ಡ್, ಪರ್ಪಲ್ ರಂಪ್ಡ್ ಸನ್‌ಬರ್ಡ್. ಮರಿ ಮಾಡುವ ಕಾಲದಲ್ಲಿ ಗಂಡುಗಳಲ್ಲಿ ಗೊಂದಲವಿಲ್ಲ. ಮೊದಲನೆಯದು ಮೈಯೆಲ್ಲ ಕಡುಬಣ್ಣ. ಎರಡನೆಯದಕ್ಕೆ ಕಂದುಗೆಂಪು ಬೆನ್ನು, ಹಳದಿ ಹೊಟ್ಟೆ. ತಕರಾರೆಲ್ಲ ಹೆಣ್ಣುಗಳದ್ದೇ.

ಕೊಕ್ಕು, ಬಾಲ ಬಿಡಿ, ಮೊದಲು ಗಂಟಲು ನೋಡಿ. ಗಂಟಲು ಬೂದು ಬಿಳಿಯಾಗಿದ್ದು ಎದೆಯಿಂದ ಹಳದಿ ಶುರುವಾದರೆ ಪರ್ಪಲ್ ರಂಪ್ಡ್ ಹೆಣ್ಣು. ಗಂಟಲಿನಿಂದಲೇ ಮಾಸಲು ಹಳದಿ ಇದ್ದರೆ ಪರ್ಪಲ್ ಸನ್‌ಬರ್ಡ್ ಹೆಣ್ಣು. ಆ ಹಳದಿಯ ನಡುವೆ ಶಾಯಿ ಸೋರಿ ಇಳಿದ ಹಾಗೆ ಕಪ್ಪು ಗೆರೆ ಇದೆಯಾ? ಮೋಸ ಹೋಗಬೇಡಿ, ಅದು ಪರ್ಪಲ್ ಗಂಡು! ಮರಿ ಮಾಡುವ ಕಾಲ ಮುಗಿದ ಮೇಲೆ ಅದರ ಥಳಕು ಗರಿಗಳು ಉದುರಿ ಹೆಣ್ಣಿನ ಹಾಗೇ ಕಾಣುತ್ತದೆ. ರೆಕ್ಕೆಯ ಬುಡದಲ್ಲಿ ಮಾತ್ರ ಸ್ವಲ್ಪ ನೀಲಿ ಹೊಳಪು ಉಳಿದಿರುತ್ತದೆ. ನಿಜವಾದ ಮರಿಯಾದರೆ ರೆಕ್ಕೆ ನಡುಗಿಸುತ್ತಾ, ಬಾಯಿ ತೆರೆದು ತುತ್ತು ಕೇಳುತ್ತಿರುತ್ತದೆ.

ಇನ್ನು ಮಸಿ ಉಂಡೆಯ ವಿಷಯ. ಆ ಹಕ್ಕಿಯ ಗರಿಯಲ್ಲಿ ನೀಲಿ ಬಣ್ಣ ಅನ್ನುವ ಪದಾರ್ಥವೇ ಇಲ್ಲ. ಗರಿಯೊಳಗಿನ ಸೂಕ್ಷ್ಮ ಪದರಗಳ ಮೇಲೆ ಬಿದ್ದ ಬೆಳಕು ಒಡೆದು ನೀಲಿ, ನೇರಳೆ ಕಾಣಿಸುತ್ತದೆ, ಸೋಪಿನ ಗುಳ್ಳೆಯ ಮೇಲೆ ಕಾಣುತ್ತದಲ್ಲ, ಹಾಗೆ. ಬೆಳಕು ತಪ್ಪಿದರೆ ಬರೀ ಕಪ್ಪು. ಹಾಗಾಗಿ ಸೂರ್ಯ ನಿಮ್ಮ ಬೆನ್ನಿಗಿರಲಿ. ಹಕ್ಕಿ ಆಕಾಶಕ್ಕೆ ಎದುರಾಗಿ ಕೂತಿದ್ದರೆ ಎಕ್ಸ್‌ಪೋಷರ್ (ಫೋಟೋಗೆ ಬೀಳುವ ಬೆಳಕು) +1 ಮಾಡಿ, ಇಲ್ಲದಿದ್ದರೆ ಕ್ಯಾಮೆರಾ ಆಕಾಶವನ್ನು ಸರಿಮಾಡಲು ಹೋಗಿ ಹಕ್ಕಿಯನ್ನು ಕತ್ತಲಾಗಿಸುತ್ತದೆ. ಶಟರ್ ವೇಗ 1/1000 ಸೆಕೆಂಡ್ ಅಥವಾ ಇನ್ನೂ ಜಾಸ್ತಿ. ಒಂದೇ ಸಮನೆ ಸಾಲಾಗಿ ಫೋಟೋ ತೆಗೆಯುವ ಬರ್ಸ್ಟ್ ಹಾಕಿಬಿಡಿ. ಹತ್ತು ಫೋಟೋದಲ್ಲಿ ಒಂದರಲ್ಲಿ ತಲೆ ಸರಿಯಾಗಿ ತಿರುಗಿರುತ್ತದೆ. ಮೊಬೈಲ್ ಮಾತ್ರ ಇದ್ದರೆ ಜೂಮ್ ಎಳೆಯುತ್ತಾ ಒದ್ದಾಡಬೇಡಿ, ಸುಮ್ನೆ ವಿಡಿಯೋ ಮಾಡಿ, ಗಂಟಲು ಕಂಡ ಕಡೆ ನಿಲ್ಲಿಸಿ ನೋಡಿ.

ಹಕ್ಕಿಯ ಹಿಂದೆ ಓಡಿದರೆ ಸಿಗುವುದಿಲ್ಲ. ದಾಸವಾಳದ ಹೂವಿನ ಬುಡದಲ್ಲಿ ಸೂಜಿ ಚುಚ್ಚಿದಂಥ ತೂತು ಹುಡುಕಿ. ಅಷ್ಟು ದೊಡ್ಡ ಹೂವಿನೊಳಗೆ ತಲೆ ಹಾಕುವ ಕಷ್ಟ ಯಾರಿಗೆ ಬೇಕು ಅಂತ ಈ ಕಳ್ಳರು ಪಕ್ಕದಿಂದಲೇ ಚುಚ್ಚಿ ಮಕರಂದ ಹೀರುತ್ತಾರೆ. ಅಂಥ ಗಿಡ ಸಿಕ್ಕರೆ ಬೆಳಕಿನ ಕಡೆ ಬೆನ್ನು ಹಾಕಿ ಹತ್ತು ಹೆಜ್ಜೆ ದೂರ ನಿಂತುಕೊಳ್ಳಿ. ಮತ್ತೆ ಅಲ್ಲಿಗೇ ಬರುತ್ತವೆ.