ಚಿಕ್ಕ ಹೊಟ್ಟೆಯ ಗಿಟಾರ್

ನಲ್ಲಿಯ ಕೆಳಗೆ ಕೊಡ ಇಟ್ಟು ಬೇರೆ ಕೆಲಸ ನೋಡುತ್ತಿದ್ದರೂ ಅದು ತುಂಬುತ್ತಾ ಬಂತು ಅಂತ ಕಿವಿಗೆ ಗೊತ್ತಾಗುತ್ತದೆ. ಒಳಗಿನ ಗಾಳಿ ಕಮ್ಮಿಯಾದಷ್ಟೂ ದಪ್ಪ ದನಿ ಸಣ್ಣಗಾಗುತ್ತಾ ಹೋಗುತ್ತದೆ. ಗಿಟಾರಿನ ಹೊಟ್ಟೆಯೂ ಒಂದು ಕೊಡವೇ. ದೊಡ್ಡ ಹೊಟ್ಟೆಯ ಡ್ರೆಡ್‌ನಾಟ್ ಗಿಟಾರಿನೊಳಗಿನ ಗಾಳಿ ಸುಮಾರು 100 ಹರ್ಟ್ಜ್, ಅಂದರೆ ಸೆಕೆಂಡಿಗೆ 100 ಕಂಪನಗಳ ಆಸುಪಾಸಿನಲ್ಲಿ ಜೋರಾಗಿ ಮಿಡಿಯುತ್ತದೆ. ಬಾಯಿ ಅಷ್ಟೇ ಇದ್ದು ಹೊಟ್ಟೆ ಕಿರಿದಾದರೆ ಆ ಸಂಖ್ಯೆ ಮೇಲೇರುತ್ತದೆ, ಗುಂಯ್ ಅನ್ನುವ ಮಂದ್ರ ತಗ್ಗುತ್ತದೆ.

ಬ್ಯಾಂಜೊ, ಫಿಡಲ್‌ಗಳ ಗದ್ದಲದ ನಡುವೆ ಕೇಳಿಸಬೇಕಾದವರಿಗೆ ದೊಡ್ಡ ಗಿಟಾರೇ ಬೇಕಲ್ವಾ? ಅಮೆರಿಕದ ಬ್ಲೂಗ್ರಾಸ್ ಅನ್ನುವ ಹಳ್ಳಿಗಾಡಿನ ಸಂಗೀತ ನುಡಿಸುವವರಲ್ಲಿ ಹೆಚ್ಚಿನವರ ಆಯ್ಕೆ ಅದೇ. ಡ್ರೆಡ್‌ನಾಟ್ ಅನ್ನುವ ಹೆಸರೇ 1906ರ ಬ್ರಿಟಿಷ್ ಯುದ್ಧನೌಕೆಯದು! 1938ರಲ್ಲಿ ಟೆನೆಸ್ಸೀಯ ಚಟನೂಗಾದಲ್ಲಿ ಹುಟ್ಟಿದ ಗಿಟಾರ್ ವಾದಕ ನಾರ್ಮನ್ ಬ್ಲೇಕ್ ಡ್ರೆಡ್‌ನಾಟ್ ನುಡಿಸಿಲ್ಲ ಅಂತಲ್ಲ. ಆದರೆ ಅವರ ಒಲವು ಚಿಕ್ಕ ಗಿಟಾರುಗಳ ಕಡೆಗೆ.

ಬ್ಲೇಕ್ ಅವರದು ಫ್ಲಾಟ್‌ಪಿಕಿಂಗ್ ಶೈಲಿ. ಕೈಯಲ್ಲಿ ಒಂದೇ ಒಂದು ಪಿಕ್, ಅಂದರೆ ತಂತಿ ಮೀಟುವ ಚಿಕ್ಕ ಬಿಲ್ಲೆ. ಅದನ್ನು ಕೆಳಗೊಮ್ಮೆ ಮೇಲೊಮ್ಮೆ ಆಡಿಸುತ್ತಾ ಫಿಡಲ್ ಮಟ್ಟುಗಳನ್ನು ಗಿಟಾರಿನಲ್ಲಿ ನುಡಿಸುವುದು. ನಿಮಿಷಕ್ಕೆ 120 ಬಡಿತ, ಬಡಿತಕ್ಕೆ ನಾಲ್ಕು ಸ್ವರ ಅಂದರೆ ಸೆಕೆಂಡಿಗೆ ಎಂಟು. ಒಂದೊಂದು ಸ್ವರಕ್ಕೂ ಸಿಗುವುದು ಸೆಕೆಂಡಿನ ಎಂಟನೇ ಒಂದು ಪಾಲು. ಇಷ್ಟರಲ್ಲಿ ಅದು ಹುಟ್ಟಬೇಕು, ಕೇಳಿಸಬೇಕು, ದಾರಿ ಬಿಡಬೇಕು. ದಪ್ಪ ದನಿ ತೆಳು ದನಿಯನ್ನು ಮುಚ್ಚಿಹಾಕುವುದು ನಮ್ಮ ಕಿವಿಯ ಸ್ವಭಾವ. ಮಂದ್ರ ಜಾಸ್ತಿಯಾದರೆ ತೆಳು ತಂತಿಗಳ ಮಟ್ಟು ಮಸುಕಾಗುತ್ತದೆ. ಚಿಕ್ಕ, ಹಗುರ ಮೇಲ್ಹಲಗೆಯಾದರೋ ತಂತಿ ಕೊಟ್ಟ ಶಕ್ತಿಯನ್ನು ಥಟ್ಟನೆ ಸದ್ದಾಗಿಸಿ ಬೇಗ ಸುಮ್ಮನಾಗುತ್ತದೆ.

ಗಿಟಾರ್ ತಯಾರಿಸುವ ಮಾರ್ಟಿನ್ ಕಂಪನಿ ಬ್ಲೇಕ್ ಹೆಸರಿನಲ್ಲೇ 000-28 ಮಾದರಿಯ ಒಂದು ಗಿಟಾರ್ ಮಾಡಿತು. 000 ಗಾತ್ರದ ಗಿಟಾರ್ ಡ್ರೆಡ್‌ನಾಟ್‌ಗಿಂತ ಅಗಲದಲ್ಲಿ ಒಂದೂವರೆ ಸೆಂಟಿಮೀಟರ್ ಕಮ್ಮಿ, ಆಳದಲ್ಲಿ ಸುಮಾರು ಎರಡು. ಸೊಂಟವೂ ಸಪೂರ. ತಂತಿಯ ಉದ್ದ 64.5 ಸೆಂಟಿಮೀಟರ್ ಬದಲು 63.2. ಅದೇ ತಂತಿಯನ್ನು ಅದೇ ಶ್ರುತಿಗೆ ಏರಿಸಿದರೆ ಬಿಗಿತ ಉದ್ದದ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ, ಹಾಗಾಗಿ ಇಲ್ಲಿ ಶೇಕಡಾ 4ರಷ್ಟು ಸಡಿಲ. ಕಾಗದದ ಮೇಲೆ ಅಲ್ಪ ಅನಿಸಬಹುದು, ಆದರೆ ಬೆರಳಿಗೆ ತಕ್ಷಣ ತಿಳಿಯುತ್ತದೆ.

ಬ್ಲೇಕ್ ಹೆಸರಿನ ಈ ಗಿಟಾರಿನಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಇನ್ನೊಂದು ಜಾಣ್ಮೆ. ಸಾಮಾನ್ಯವಾಗಿ 14ನೇ ಫ್ರೆಟ್ಟಿನ (ಕುತ್ತಿಗೆಯ ಮೇಲೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿ) ಬಳಿ ಕುತ್ತಿಗೆ ಸೇರುವ ಈ ಪೆಟ್ಟಿಗೆಗೆ 12ನೇ ಫ್ರೆಟ್ಟಿನಲ್ಲಿ ಸೇರುವ ಕುತ್ತಿಗೆ ಕೂಡಿಸಿದ್ದಾರೆ. ಆಗ ತಂತಿಗಳನ್ನು ಹಿಡಿದಿಡುವ ಬ್ರಿಡ್ಜ್ ಸುಮಾರು ಮೂರೂವರೆ ಸೆಂಟಿಮೀಟರ್ ಹಿಂದಕ್ಕೆ, ಮೇಲ್ಹಲಗೆಯ ಅಗಲವಾದ ಭಾಗದ ನಡುವಿನತ್ತ ಸರಿಯುತ್ತದೆ. ತಮಟೆಯ ಅಂಚಿಗೆ ಬಡಿದು ನೋಡಿ, ಆಮೇಲೆ ನಡುವಿಗೆ ಬಡಿಯಿರಿ. ಅಂಚು ಚುರುಕಾಗಿ ಟಣ್ ಅನ್ನುತ್ತದೆ, ನಡು ದಪ್ಪಗೆ ಧಂ ಅನ್ನುತ್ತದೆ. ನಡುವಿನಲ್ಲಿ ಹಲಗೆ ಸಲೀಸಾಗಿ ಬಾಗುತ್ತದೆ. ಹೊಟ್ಟೆ ಕಿರಿದಾಗಿ ಕಳೆದುಕೊಂಡ ಮಂದ್ರದಲ್ಲಿ ಒಂದಷ್ಟು ಹೀಗೆ ಬ್ರಿಡ್ಜ್ ಕಡೆಯಿಂದ ವಾಪಸ್ ಬರುತ್ತದೆ.